ಮೆಕೆಂಜಿಯ ಸಮಾಧಿ ಹುಡುಕಿಕೊಂಡು ಪಾರ್ಕ್ ಸ್ಟ್ರೀಟಿಗೆ

ಹಳೆಯ ಮೈಸೂರಿನ ಕೈಫಿಯತ್ತುಗಳನ್ನು, ಅಂದರೆ ಊರೂರಿನ ಚರಿತ್ರೆಯ ಬರಹಗಳನ್ನು, ಓದುವ ಚಟ ಹತ್ತಿದವರಿಗೆ ಕರ್ನಲ್ ಕಾಲಿನ್ ಮೆಕೆಂಜಿಯ ಹೆಸರು ತಪ್ಪದೆ ಎದುರಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ರಾಜ್ಯವನ್ನು ಅಳೆಯುವ ಕೆಲಸ ಈತನ ಪಾಲಿಗೆ ಬಂತು. ನೆಲ ಅಳೆಯುತ್ತಲೇ ಊರೂರಿನ ಚರಿತ್ರೆ ಬರೆಸಿಕೊಂಡ, ಶಾಸನಗಳನ್ನು ನಕಲು ಮಾಡಿಸಿದ, ಓಲೆಗರಿ ಕೂಡಿಟ್ಟ. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1821ರ ಮೇ 8ರಂದು ಕಲ್ಕತ್ತೆಯ ಬಳಿ ಹೂಗ್ಲಿ ನದಿಯ ಮೇಲೆ ಪ್ರಾಣ ಬಿಟ್ಟ. ಅವನನ್ನು ಹೂಳಿದ್ದು ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನದಲ್ಲಿ. ಕೋಲ್ಕತ್ತಕ್ಕೆ ಹೋಗುವ ಸಂದರ್ಭ ಒದಗಿದಾಗ ನಾನು ಮೊದಲು ಗುರುತು ಹಾಕಿಕೊಂಡ ಜಾಗ ಅದೇ.

ಈ ಸ್ಮಶಾನಕ್ಕೆ ಬರುವವರಲ್ಲಿ ಹೆಚ್ಚಿನವರು ಪಾಚಿ ಹಿಡಿದ ಗೋಡೆಯ ಮುಂದೆ ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ಕೆಲವರು ದೆವ್ವದ ಕಥೆ ಕೇಳಲು ಬರುತ್ತಾರೆ. ಇವೆರಡರ ಬಗ್ಗೆಯೂ ನನಗೆ ತಾಳ್ಮೆ ಕಡಿಮೆ. ನಾನು ಹೋದದ್ದು ಶಾಸನ ಓದಲು, ನಮ್ಮ ಕಡೆ ವೀರಗಲ್ಲಿನ ಮುಂದೆ ಕೂರುವ ರೀತಿಯಲ್ಲೇ: ಯಾರು ಸತ್ತರು, ಎಂದು ಸತ್ತರು, ಕಲ್ಲು ನಿಲ್ಲಿಸಿದವರು ಯಾರು, ಅವರು ಏನನ್ನು ಹೇಳಿದರು, ಏನನ್ನು ಹೇಳದೆ ಬಿಟ್ಟರು.

ಹೋಗುವ ಮುನ್ನ ಒಂದಿಷ್ಟು ತಯಾರಿ ಬೇಕು. ಕಲ್ಕತ್ತೆಯ ಸಮಾಧಿಗಳ ಬರಹವನ್ನು ಹತ್ತೊಂಬತ್ತನೇ ಶತಮಾನದಲ್ಲೇ ನಕಲು ಮಾಡಿ ಅಚ್ಚು ಹಾಕಿದ್ದಾರೆ. ಅದರ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತದೆ. ಬೇಕಾದ ಹೆಸರುಗಳ ಪಠ್ಯವನ್ನು ಮೊದಲೇ ಬರೆದುಕೊಂಡು ಹೋದರೆ, ಅಕ್ಷರ ಅರ್ಧ ಸವೆದಿದ್ದರೂ ಕಣ್ಣು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಚೀಲದಲ್ಲಿ ಒಂದು ಅಂಗೈಯಗಲದ ಕನ್ನಡಿ ಇಟ್ಟುಕೊಂಡಿದ್ದೆ. ನೆರಳಿನಲ್ಲಿರುವ ಫಲಕದ ಮೇಲೆ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ಹಾಯಿಸಿದರೆ ಅಕ್ಷರದ ಅಂಚಿಗೆ ನೆರಳು ಬಿದ್ದು ಸಾಲು ಮೇಲೇಳುತ್ತದೆ. ಬಿಸಿಲಿಲ್ಲದಿದ್ದರೆ ಮೊಬೈಲಿನ ಬೆಳಕನ್ನು ಪಕ್ಕದಿಂದ ಹಿಡಿದರೂ ಸಾಕು. ಸೀಮೆಸುಣ್ಣ ತಿಕ್ಕುವುದು, ಬ್ರಷ್ಷಿನಿಂದ ಉಜ್ಜುವುದು ಕೂಡದು. ಸವೆದ ಕಲ್ಲಿಗೆ ಅದೇ ಕೊನೆಯ ಪೆಟ್ಟಾಗಬಹುದು. ಚಳಿಗಾಲದ ಬೆಳಗ್ಗೆ ಹೋಗುವುದು ಒಳ್ಳೆಯದು. ಒಳಗೆ ಮರಗಳು ದಟ್ಟವಾಗಿವೆ, ಸೊಳ್ಳೆಗಳಿಗೆ ಮಾತ್ರ ಯಾವ ಋತುವೂ ಅಡ್ಡಿಯಿಲ್ಲ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ನಾನು ಪಾರ್ಕ್ ಸ್ಟ್ರೀಟಿನ ಚೌರಂಗಿ ಕಡೆಯ ತುದಿಯಿಂದ, ಪ್ರಾಚ್ಯವಿದ್ಯೆಯ ಸಂಸ್ಥೆಯಾದ ಏಷ್ಯಾಟಿಕ್ ಸೊಸೈಟಿಯ ಎದುರಿನಿಂದ ನಡೆದೇ ಹೊರಟೆ. ಸೊಸೈಟಿಯನ್ನು 1784ರಲ್ಲಿ ಕಟ್ಟಿದ ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ ಮಲಗಿರುವುದು ಅದೇ ರಸ್ತೆಯ ಆ ತುದಿಯಲ್ಲಿ. ಈಗ ತಿಂಡಿ ತೀರ್ಥದ ಅಂಗಡಿಗಳಿಗೆ ಹೆಸರಾದ ಈ ಬೀದಿಯನ್ನು ಹಿಂದೆ ಬರಿಯಲ್ ಗ್ರೌಂಡ್ ರೋಡ್ ಎನ್ನುತ್ತಿದ್ದರು. ಮುಖ್ಯ ನ್ಯಾಯಾಧೀಶ ಎಲಿಜಾ ಇಂಪೆಯ ಜಿಂಕೆವನ ಇಲ್ಲಿದ್ದುದರಿಂದ ಪಾರ್ಕ್ ಸ್ಟ್ರೀಟ್ ಆಯಿತು. ವಾರನ್ ಹೇಸ್ಟಿಂಗ್ಸನ ಮೇಲೆ ಲಂಚದ ಆರೋಪ ಹೊರಿಸಿದ್ದ ಬಂಗಾಳದ ನಂದಕುಮಾರನನ್ನು 1775ರಲ್ಲಿ ಗಲ್ಲಿಗೇರಿಸಿದ ತೀರ್ಪು ಇದೇ ಇಂಪೆಯದು. ಅಧಿಕೃತವಾಗಿ ಈಗ ಅದು ಮದರ್ ತೆರೇಸಾ ಸರಣಿ.

1767ರಲ್ಲಿ ತೆರೆದ ಸ್ಮಶಾನವಿದು. ಒಳಗೆ ಕಾಲಿಟ್ಟ ಕನ್ನಡಿಗನ ಕಣ್ಣಿಗೆ ಮೊದಲು ಹೊಡೆಯುವುದು ಗೋರಿಗಳ ಗಾತ್ರ. ಪಿರಮಿಡ್ಡುಗಳು, ಚೂಪು ಕಂಬಗಳು, ಗುಮ್ಮಟದ ಮಂಟಪಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಹತ್ತಿರ ಹೋಗಿ ನೋಡಿದಾಗ ತಿಳಿಯಿತು, ಬಹುಪಾಲು ಎಲ್ಲವೂ ಇಟ್ಟಿಗೆಯವು, ಮೇಲೆ ಗಾರೆ. ಕಲ್ಲೆಂದರೆ ಬರಹದ ಫಲಕ ಮಾತ್ರ. ಗಂಗೆ ತಂದು ಸುರಿದ ಮೆಕ್ಕಲು ಮಣ್ಣಿನ ನಾಡಿನಲ್ಲಿ ಬಂಡೆ ಎಲ್ಲಿಂದ ಬರಬೇಕು? ನಮ್ಮಲ್ಲಿ ಯಾವ ಹಳ್ಳಿಯ ಗೌಡನಿಗೂ ಊರ ಹಿಂದಿನ ಗುಡ್ಡದಿಂದ ಒಂದು ಚಪ್ಪಡಿ ಎಬ್ಬಿಸುವುದು ಕಷ್ಟವಿರಲಿಲ್ಲ. ಇಲ್ಲಿ ಕಂಪನಿಯ ದೊಡ್ಡ ದೊಡ್ಡ ಅಧಿಕಾರಿಗಳೂ ಗಾರೆಗೆ ರೋಮಿನ ವೇಷ ತೊಡಿಸಿ ತೃಪ್ತಿಪಡಬೇಕಾಯಿತು. ಗಾರೆ ಬಿರಿದಲ್ಲಿ ಅರಳಿಯ ಸಸಿ ಬೇರು ಬಿಡುತ್ತದೆ, ಇಟ್ಟಿಗೆ ಬಾಯಿ ಬಿಡುತ್ತದೆ. ಆ ಪಾಚಿಯನ್ನು ಚೆಂದ ಎನ್ನುವವರು ದುರಸ್ತಿಯ ಖರ್ಚು ನೋಡಿದವರಲ್ಲ.

ಜೋನ್ಸನ ಚೂಪು ಕಂಬ ಎಲ್ಲಕ್ಕಿಂತ ಎತ್ತರ. 1794ರಲ್ಲಿ, ನಲವತ್ತೇಳರಲ್ಲೇ ತೀರಿಕೊಂಡವನು ತನ್ನ ಸಮಾಧಿ ಬರಹವನ್ನು ತಾನೇ ಬರೆದಿಟ್ಟಿದ್ದ: ದೇವರಿಗೆ ಹೆದರಿದ, ಸಾವಿಗಲ್ಲ, ನೀಚರೂ ಅನ್ಯಾಯಗಾರರೂ ಬಿಟ್ಟು ಬೇರಾರನ್ನೂ ತನಗಿಂತ ಕೀಳೆಂದು ಎಣಿಸಲಿಲ್ಲ. ಪ್ರಶಸ್ತಿ ಬರೆದುಕೊಳ್ಳುವುದರಲ್ಲಿ ನಮ್ಮ ಅರಸರಿಗೆ ಹೊಗಳುಭಟ್ಟರಾದರೂ ಬೇಕಿತ್ತು.

ಇಪ್ಪತ್ತರಲ್ಲಿ ಸತ್ತ, ಇಂಗ್ಲಿಷ್ ಕವಿ ಲ್ಯಾಂಡರನ ಕವಿತೆಯಿಂದ ಹೆಸರಾದ ರೋಸ್ ಐಲ್ಮರ್ ಗೋರಿಯ ಮುಂದೆ ಸದಾ ಗುಂಪು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಆದರೆ ಅವಳ ತಾರೀಖು ಬರೆದುಕೊಳ್ಳುವಾಗ ಒಂದು ವಿಷಯ ಹೊಳೆಯಿತು. ಬಂಗಾಳದ ಮಳೆಗಾಲವೇ ಬಿಳಿಯರನ್ನು ಕೊಂದಿತು ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪಟ್ಟಿಯ ಹೆಸರಾಂತರೋ, ರೋಸ್ ಮಾರ್ಚ್, ಜೋನ್ಸ್ ಏಪ್ರಿಲ್, ಮೆಕೆಂಜಿ ಮೇ, ಕವಿ ಡಿರೋಜಿಯೋ ಡಿಸೆಂಬರ್. ಒಬ್ಬರೂ ಮಳೆಗೆ ಕಾಯಲಿಲ್ಲ.

ಹೆಚ್ಚು ಹೊತ್ತು ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಜರ್ ಜನರಲ್ ಚಾರ್ಲ್ಸ್ ಸ್ಟುವರ್ಟನ ಗೋರಿ. 1828ರಲ್ಲಿ ಸತ್ತ ಈತನನ್ನು ‘ಹಿಂದೂ ಸ್ಟುವರ್ಟ್’ ಎಂದೇ ಕರೆಯುತ್ತಿದ್ದರು. ದಿನವೂ ಗಂಗಾಸ್ನಾನ, ಮನೆ ತುಂಬ ಮೂರ್ತಿಗಳು. ಗೋರಿಯೂ ಗುಡಿಯ ಆಕಾರದಲ್ಲೇ ಇದೆ. ಭಕ್ತಿ ದೊಡ್ಡದಿರಬಹುದು, ಕೈ ಮಾತ್ರ ಶುದ್ಧವಿರಲಿಲ್ಲ. ಭುವನೇಶ್ವರದಿಂದ ಎರಡು ಶಾಸನದ ಕಲ್ಲುಗಳನ್ನು ಕಿತ್ತು ತಂದು ಏಷ್ಯಾಟಿಕ್ ಸೊಸೈಟಿಗೆ ಕೊಟ್ಟಿದ್ದ. ಅವನು ಸತ್ತ ಮೇಲೆ, 1837ರಲ್ಲಿ, ಸೊಸೈಟಿ ಅವುಗಳನ್ನು ಹಿಂದಿರುಗಿಸಿತು. ಶಾಸನಕ್ಕೆ ಅದು ನಿಂತ ಜಾಗವೇ ಅರ್ಧ ಅರ್ಥ. ಇದನ್ನು ಅರಿಯದವನನ್ನು ಸಂಸ್ಕೃತಿ ಪ್ರೇಮಿ ಎಂದು ಕೊಂಡಾಡಲು ನನಗೆ ಮನಸ್ಸಾಗುವುದಿಲ್ಲ.

ಮೆಕೆಂಜಿಯ ಸಮಾಧಿ ಸುಲಭವಾಗಿ ಸಿಗುವಂಥದ್ದಲ್ಲ. ಕಚೇರಿಯಲ್ಲಿ ಹೆಸರಿನ ಜೊತೆ ಸತ್ತ ವರ್ಷವನ್ನೂ ಹೇಳಿದ್ದರಿಂದ ಕೆಲಸ ಹಗುರವಾಯಿತು. ಒಂದೇ ಅಡ್ಡಹೆಸರಿನವರು ಎಷ್ಟೋ ಮಂದಿ ಇರುತ್ತಾರೆ. ಜೋನ್ಸನ ಎತ್ತರವಾಗಲಿ, ಸ್ಟುವರ್ಟನ ವೈಯಾರವಾಗಲಿ ಇಲ್ಲಿಲ್ಲ. ಇವನೂ ಅಮರಾವತಿಯ ಸ್ತೂಪದ ಕಲ್ಲುಗಳನ್ನು ಸಾಗಿಸಿದವನೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಅವನು ಹೆಚ್ಚಾಗಿ ಮಾಡಿದ್ದು ನಕಲು. ಕಲ್ಲು ಊರಲ್ಲೇ ಉಳಿಯಿತು, ಓದು ಕಾಗದಕ್ಕೆ ಬಂತು.

ಆ ಓದು ಅವನದಾಗಿರಲಿಲ್ಲ. ಮೆಕೆಂಜಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಹಳಗನ್ನಡದ ಶಾಸನಗಳನ್ನು ಓದಿ ಹೇಳಿದವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಊರೂರು ಸುತ್ತುವ ಕೆಲಸಕ್ಕೆ ದಾರಿ ಹಾಕಿಕೊಟ್ಟವನು ಕಾವಲಿ ವೆಂಕಟ ಬೋರಯ್ಯ. ಅವನು 1803ರಲ್ಲೇ, ಮೂವತ್ತು ತುಂಬುವ ಮೊದಲೇ ಹೋದ. ತಮ್ಮ ಲಕ್ಷ್ಮಯ್ಯ ಮುಂದುವರಿಸಿದ. ಥಾಮಸ್ ಹಿಕಿ 1816ರಲ್ಲಿ ಬರೆದ ಚಿತ್ರದಲ್ಲಿ ಮೆಕೆಂಜಿಯ ಜೊತೆ ಭಾರತೀಯ ಸಹಾಯಕರು ನಿಂತಿದ್ದಾರೆ, ದೂರದಲ್ಲಿ ಗೊಮ್ಮಟನೂ ಇದ್ದಾನೆ. ಚಿತ್ರದಲ್ಲಿ ಜಾಗ ಸಿಕ್ಕಿತು, ಸ್ಮಶಾನದಲ್ಲಿ ಸಿಗುವುದು ಸಾಧ್ಯವಿರಲಿಲ್ಲ. ಇಡೀ ಆವರಣದ ಬರಹವೆಲ್ಲ ಯಜಮಾನರ ಕಡೆಯ ಲೆಕ್ಕವೆಂಬುದನ್ನು ನೆನಪಿಟ್ಟುಕೊಂಡು ಓದಿದರೆ ಅದರ ಬೆಲೆ ಕುಗ್ಗುವುದಿಲ್ಲ. ಇನ್ನೊಂದು ಕಡೆಯ ಲೆಕ್ಕವನ್ನು ಚೆನ್ನೈನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿ, ಆ ಸಹಾಯಕರೇ ಬರೆಸಿದ ಕೈಫಿಯತ್ತುಗಳಲ್ಲಿ ನೋಡಬೇಕು.

ಸಮಯವಿದ್ದರೆ ನಾನು ನಡೆದ ದಿಕ್ಕನ್ನು ತಿರುಗಿಸಿಕೊಳ್ಳಿ. ಬೆಳಗಿನ ಓರೆ ಬಿಸಿಲಲ್ಲಿ ಸ್ಮಶಾನ ಮುಗಿಸಿ, ಮಧ್ಯಾಹ್ನಕ್ಕೆ ಏಷ್ಯಾಟಿಕ್ ಸೊಸೈಟಿಗೆ ಬನ್ನಿ. ರಾಜಸ್ಥಾನದ ಬೈರಾಟದಿಂದ ತಂದ ಅಶೋಕನ ಶಾಸನದ ಬಂಡೆ ಅಲ್ಲಿದೆ. ಸೊಸೈಟಿಯ ರಜೆಯ ದಿನಗಳನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.