ಬಾಸ್ಕ್ ನಾಡಿನ ಕಡಲಂಚಿನ ಹಳ್ಳಿಯಲ್ಲಿ ವಾರದ ಮಟ್ಟಿಗೆ ಮನೆ ಹಿಡಿಯುವ ಬಗೆ

ಬೇಸಿಗೆ ರಜೆಗೆ ಗೋಕರ್ಣ, ಕಾರವಾರ, ಹೊನ್ನಾವರಗಳ ಕಡೆ ಹೋಮ್‌ಸ್ಟೇ ಹಿಡಿದು ರೂಢಿಯಾದ ಹುಬ್ಬಳ್ಳಿ-ಧಾರವಾಡದ ಕುಟುಂಬಗಳಿಗೆ ಮನೆ ಬಾಡಿಗೆಗೆ ಹಿಡಿಯುವುದು ದೊಡ್ಡ ವಿದ್ಯೆಯೇನಲ್ಲ. ಪರಿಚಯದವರೊಬ್ಬರಿಗೆ ಫೋನ್ ಹಚ್ಚಿ, ನೀರಿನ ಅನುಕೂಲ ಹೇಗಿದೆ, ಅಡಿಗೆ ಮಾಡಿಕೊಳ್ಳಬಹುದೇ ಎಂದು ಕೇಳಿ, ಮರುದಿನ ಅರಬೈಲ್ ಘಟ್ಟ ಇಳಿದರೆ ಮುಗಿಯಿತು. ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಯ ಎರಡೂ ಬದಿಗೆ, ಪಿರನೀಸ್ ಪರ್ವತಸಾಲು ಅಟ್ಲಾಂಟಿಕ್ ಸಾಗರವನ್ನು ಮುಟ್ಟುವಲ್ಲಿ ಹರಡಿರುವ ಬಾಸ್ಕ್ ನಾಡಿನಲ್ಲಿ ಹೀಗೆ ನಡೆಯುವುದಿಲ್ಲ. ಅಲ್ಲಿ ಹಿಡಿಯುವ ಮನೆಯೇ ನಿಮ್ಮ ವೀಸಾ ಯಾವ ದೇಶದ್ದು, ಕಾರು ಬೇಕೋ ಬೇಡವೋ, ಮೂರು ಹೊತ್ತು ಉಣ್ಣುವುದೇನು ಎಂಬುದನ್ನೆಲ್ಲ ನಿರ್ಧರಿಸುತ್ತದೆ. ಆದ್ದರಿಂದ ಮೊದಲು ಕಣಿವೆಯನ್ನು ಆರಿಸಬೇಕು, ಬಳಿಕ ಅಡಿಗೆಮನೆಯನ್ನು ವಿಚಾರಿಸಬೇಕು, ಚಿತ್ರಗಳನ್ನು ಕಟ್ಟಕಡೆಗೆ ನೋಡಬೇಕು. ನಾವು ಮೊದಲ ಸಲ ಇದನ್ನು ತಿರುವುಮುರುವು ಮಾಡಿದೆವು. ‘ಕಡಲಿಗೆ ಎರಡು ಕಿಲೋಮೀಟರ್’ ಎಂಬ ಸಾಲನ್ನೂ ಒಂದು ಸುಂದರ ಚಿತ್ರವನ್ನೂ ನಂಬಿ ಹಣ ಕಟ್ಟಿದೆವು. ಆ ಎರಡು ಕಿಲೋಮೀಟರ್ ಕಡಿದಾದ ಇಳಿಜಾರೆಂಬುದು ಮೊಣಕಾಲು ನೋವಿನ ನಮ್ಮ ಅತ್ತೆಯವರೊಂದಿಗೆ ಅಲ್ಲಿಗೆ ಹೋದ ಮೇಲೆಯೇ ತಿಳಿದದ್ದು.

ಮೊದಲ ಪ್ರಶ್ನೆ, ಗಡಿಯ ಯಾವ ಬದಿ ಎಂಬುದು. ಸ್ಪೇನಿನ ಬದಿಯಲ್ಲಿ ಕಡಲಿಗೆ ತಾಗಿರುವ ಪ್ರಾಂತಗಳು ಬಿಸ್ಕಾಯಾ ಮತ್ತು ಗಿಪುಸ್ಕೋವಾ. ಫ್ರಾನ್ಸಿನ ಬದಿಯಲ್ಲಿರುವುದು ಲಾಬೂರ್. ಒಂದು ಬದಿಯಲ್ಲಿ ಮನೆ ಹಿಡಿದು ಇನ್ನೊಂದು ಬದಿಗೆ ದಿನದ ಪ್ರವಾಸ ಮಾಡುವುದು ಸುಲಭ, ಏಕೆಂದರೆ ಸಾನ್ ಸೆಬಾಸ್ಟಿಯನ್ ನಗರದಿಂದ ಫ್ರಾನ್ಸಿನ ಬಿಯಾರಿಟ್ಜ್‌ಗೆ ಇರುವ ದಾರಿ ಸುಮಾರು 50 ಕಿಲೋಮೀಟರ್ ಮಾತ್ರ. ಆದರೆ ಯುರೋಪಿನ ಬಹುಪಾಲು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗನ್ ವೀಸಾದ ನಿಯಮದಂತೆ, ಹೆಚ್ಚು ರಾತ್ರಿ ಕಳೆಯುವ ದೇಶದ ಬಳಿಯೇ ಅರ್ಜಿ ಸಲ್ಲಿಸಬೇಕಾದ್ದರಿಂದ, ಈ ತೀರ್ಮಾನವನ್ನು ಮೊದಲೇ ಮಾಡಿಕೊಳ್ಳದೆ ಗತಿಯಿಲ್ಲ.

ಫ್ರಾನ್ಸಿನ ಬದಿಯ ಸಾರ್, ಐನೋವಾ, ಎಸ್ಪೆಲೆಟ್ ಹಳ್ಳಿಗಳು ಕಡಲಿಗಿಂತ ತುಸು ಒಳಗಿವೆ. ಸುಣ್ಣ ಬಳಿದ ಬಿಳಿ ಗೋಡೆ, ಕೆಂಪು ಬಣ್ಣದ ಮರದ ತೊಲೆಗಳ ಮನೆಗಳು ಅಲ್ಲಿನ ಗುರುತು. ಎಸ್ಪೆಲೆಟ್‌ನಲ್ಲಿ ಮನೆಯ ಮುಂಗೋಡೆಗಳ ಮೇಲೆ ಕೆಂಪು ಮೆಣಸಿನಕಾಯಿಯ ಸರಗಳನ್ನು ಒಣಗಲು ಇಳಿಬಿಟ್ಟಿರುತ್ತಾರೆ. ಖಾರಕ್ಕಿಂತ ಬಣ್ಣ ಮತ್ತು ಪರಿಮಳಕ್ಕೆ ಹೆಸರಾದ ಆ ಮೆಣಸಿನಕಾಯಿಯನ್ನು ನೋಡಿದಾಗ ಹಾವೇರಿ ಜಿಲ್ಲೆಯವರಿಗೆ ಬ್ಯಾಡಗಿಯ ಪೇಟೆ ನೆನಪಾಗದೆ ಇರದು. ಎರಡಕ್ಕೂ ಊರಿನ ಹೆಸರಿನ ಮೇಲೆಯೇ ಕಾನೂನಿನ ರಕ್ಷಣೆ ದೊರೆತಿದೆ. ಸಾರ್ ಬಳಿಯಿಂದ 905 ಮೀಟರ್ ಎತ್ತರದ ಲಾ ರೂನ್ ಬೆಟ್ಟಕ್ಕೆ 1924ರಿಂದ ಹಲ್ಲುಹಳಿಯ ಸಣ್ಣ ರೈಲು ಓಡುತ್ತಿದೆ; ಹಿರಿಯರೂ ಮಕ್ಕಳೂ ಜತೆಗಿದ್ದರೆ ಈ ಬದಿ ಹಿತ.

ಸ್ಪೇನಿನ ಬದಿಯಲ್ಲಿ ನನ್ನ ಒಲವು ಉರ್ದೈಬಾಯ್ ಅಳಿವೆಯ ಸುತ್ತಣ ಹಳ್ಳಿಗಳ ಕಡೆಗೆ. 1984ರಲ್ಲಿ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶವೆಂದು ಘೋಷಿಸಿದ ಈ ಕಣಿವೆಯಲ್ಲಿ ಹುಲ್ಲುಬಯಲು, ಓಕ್ ಕಾಡು, ಉಬ್ಬರವಿಳಿತದ ಜೌಗು, ಮರಳದಂಡೆ ಎಲ್ಲವೂ ಅರ್ಧ ತಾಸಿನ ಹಾದಿಯೊಳಗೆ ಸಿಗುತ್ತವೆ. ಕಣಿವೆಯ ಮುಖ್ಯ ಊರು ಗೆರ್ನಿಕಾ. 1937ರ ಏಪ್ರಿಲ್ 26ರಂದು ವಿಮಾನದಾಳಿಗೆ ಸುಟ್ಟುಹೋಗಿ ಮತ್ತೆ ಕಟ್ಟಿಕೊಂಡ ಈ ಊರಿನಲ್ಲಿ ಸೋಮವಾರಕ್ಕೊಮ್ಮೆ ಸಂತೆ ಕೂಡುತ್ತದೆ. ಇದೇ ತೀರದ ಎಲಾಂಚೋಬೆ ಎಂಬ ಊರು ಬಂಡೆಯ ಓರೆಗೆ ಅಂಟಿಕೊಂಡಿದ್ದು, ಬಸ್ಸು ಹೊರಳಲು ಅಲ್ಲಿ ಜಾಗವೇ ಇಲ್ಲದ್ದರಿಂದ ಬಸ್ಸನ್ನು ಒಂದು ತಿರುಗುವ ಕಟ್ಟೆಯ ಮೇಲೆ ನಿಲ್ಲಿಸಿ ಕಟ್ಟೆಯನ್ನೇ ತಿರುಗಿಸುತ್ತಾರೆ. ನೋಡಲು ಸೊಗಸು, ಪೆಟ್ಟಿಗೆ ಹೊತ್ತು ಮನೆಗೆ ಹತ್ತಲು ಅಲ್ಲ. ಇನ್ನೂ ಪೂರ್ವಕ್ಕೆ ಸರಿಯಬೇಕೆನ್ನುವವರು ಸರೌಟ್ಸ್, ಗೆಟಾರಿಯಾ, ಸುಮಾಯಾ ಊರುಗಳ ಹಿಂದಿನ ಗುಡ್ಡಗಳಲ್ಲಿ, ಇಲ್ಲವೇ ಐಯಾ ಎಂಬ ಬೆಟ್ಟದ ಹಳ್ಳಿಯಲ್ಲಿ ಹುಡುಕಬಹುದು.

ನಕಾಶೆಯಲ್ಲಿ ಕಾಣುವ ಅಂತರವನ್ನು ನೆಚ್ಚಬಾರದು. ನವಲಗುಂದದ ಕಡೆಯ ಎರೆಹೊಲಗಳ ನಡುವೆ ಎಂಟು ಕಿಲೋಮೀಟರ್ ಎಂದರೆ ಎಂಟು-ಹತ್ತು ನಿಮಿಷ. ಅಲ್ಲಿನ ಗುಡ್ಡದ ದಾರಿಯಲ್ಲಿ ಅದೇ ಅಂತರಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ನೇರ ಅಂತರ ಬಿಟ್ಟು ಕಾರಿನ ದಾರಿಯ ಸಮಯವನ್ನು, ನಡಿಗೆಯವರಾದರೆ ಮನೆಯ ಮತ್ತು ಕಡಲಿನ ನಡುವಿನ ಎತ್ತರದ ವ್ಯತ್ಯಾಸವನ್ನು ನೋಡಿಕೊಳ್ಳಬೇಕು.

ಬಾಡಿಗೆಗೆ ಸಿಗುವ ಹಳ್ಳಿಮನೆಗಳಲ್ಲಿ ಬಹಳಷ್ಟು ‘ಬಸೆರ್ರಿ’ ಎಂದು ಕರೆಯುವ ಹಳೆಯ ಒಕ್ಕಲು ಮನೆಗಳು. ದಪ್ಪ ಕಲ್ಲಿನ ಗೋಡೆ, ಅಗಲವಾದ ಇಳಿಜಾರು ಹೆಂಚಿನ ಮಾಡು, ಕೆಳಗೆ ದನಕರುಗಳಿಗೆ ಜಾಗ, ಮೇಲೆ ಹುಲ್ಲು-ಕಾಳಿನ ಅಟ್ಟ: ತಲೆಬಾಗಿಲ ಒಳಗೇ ಗೋದಲಿ ಕಟ್ಟಿದ ನಮ್ಮ ಮಾಳಿಗೆ ಮನೆಗಳನ್ನು ಕಂಡವರಿಗೆ ಈ ಲೆಕ್ಕಾಚಾರ ಹೊಸದಲ್ಲ. ಪ್ರತಿ ಬಸೆರ್ರಿಗೂ ಒಂದು ಹೆಸರಿರುತ್ತದೆ, ಅನೇಕ ಮನೆತನಗಳ ಅಡ್ಡಹೆಸರು ಬಂದದ್ದೂ ಮನೆಯ ಹೆಸರಿನಿಂದಲೇ. ‘ಎಚೆಬೆರ್ರಿಯಾ’ ಎಂಬ ಅಲ್ಲಿನ ಪ್ರಸಿದ್ಧ ಅಡ್ಡಹೆಸರಿಗೆ ಹೊಸ ಮನೆ ಎಂದರ್ಥ, ಎಂದರೆ ನಮ್ಮ ‘ಹೊಸಮನಿ’. ‘ಗೊಯ್ಕೊಎಚೆಯಾ’ ಎಂದರೆ ‘ಮೇಲಿನಮನಿ’. ಯಾವ ಭಾಷೆಗೂ ನಂಟಿಲ್ಲದ ನುಡಿಯೆಂದು ಪಂಡಿತರು ಹೇಳುವ ಬಾಸ್ಕ್ ಭಾಷೆಗೂ ಗದಗ-ಹಾವೇರಿಯ ಅಡ್ಡಹೆಸರುಗಳಿಗೂ ಇಷ್ಟರ ಮಟ್ಟಿನ ಗೆಳೆತನ ನನಗೆ ಬಲು ಇಷ್ಟವಾಯಿತು. ಇದರಲ್ಲಿ ವ್ಯವಹಾರದ ಮಾತೂ ಒಂದಿದೆ: ಹಳ್ಳಿಗಾಡಿನಲ್ಲಿ ವಿಳಾಸವೆಂದರೆ ಅನೇಕ ಸಲ ಕೇರಿಯ ಹೆಸರು ಮತ್ತು ಮನೆಯ ಹೆಸರು ಮಾತ್ರ. ಆದ್ದರಿಂದ ಮನೆಯ ಯಜಮಾನರಿಂದ ನಕಾಶೆಯ ಗುರುತನ್ನು ಫೋನಿಗೆ ತರಿಸಿಕೊಂಡು, ಕತ್ತಲಾಗುವ ಮುನ್ನ ತಲುಪುವಂತೆ ಹೊರಡಬೇಕು.

ಜಾಹೀರಾತಿನಲ್ಲಿ ‘ಅಗ್ರೊತುರಿಸ್ಮೊ’ ಎಂದಿದ್ದರೆ ಅದು ಒಕ್ಕಲುತನ ನಡೆಯುತ್ತಿರುವ ಮನೆ. ‘ಕಾಸಾ ರುರಾಲ್’ ಎಂದರೆ ಹಳ್ಳಿಮನೆಯಷ್ಟೆ, ಬೇಸಾಯ ಇರಬೇಕೆಂದಿಲ್ಲ. ಎರಡರಲ್ಲಿಯೂ ಇಡೀ ಮನೆಯನ್ನು ಕೊಡುವವರಿದ್ದಾರೆ, ಕೋಣೆಗಳ ಲೆಕ್ಕದಲ್ಲಿ ಕೊಡುವವರೂ ಇದ್ದಾರೆ. ಕೋಣೆ ಹಿಡಿದರೆ ಅಡಿಗೆಮನೆ ಬಳಸಲು ಬಿಡುತ್ತಾರೆಯೇ, ಬಿಟ್ಟರೆ ಬೇರೆ ಅತಿಥಿಗಳೊಡನೆ ಹಂಚಿಕೊಳ್ಳಬೇಕೇ ಎಂದು ಬರಹದಲ್ಲಿಯೇ ಕೇಳಿಕೊಳ್ಳಬೇಕು. ಸ್ಪೇನಿನ ಬದಿಯಲ್ಲಿ ಇಂಥ ಮನೆಗಳವರ ಸಂಘವಾದ ನೆಕಾತುರ್ ಮೂಲಕವೂ, ಫ್ರಾನ್ಸಿನ ಬದಿಯಲ್ಲಿ ಮನೆಗಳಿಗೆ ನಕ್ಷತ್ರದ ಬದಲು ಗೋಧಿ ತೆನೆಗಳ ದರ್ಜೆ ಕೊಡುವ ಜೀತ್ ದ ಫ್ರಾನ್ಸ್ ಮೂಲಕವೂ ಹುಡುಕಬಹುದು. ಏರ್‌ಬಿಎನ್‌ಬಿ, ಬುಕಿಂಗ್ ಡಾಟ್ ಕಾಮ್‌ಗಳಂತೂ ಇದ್ದೇ ಇವೆ.

ಅಡಿಗೆಮನೆಯ ಬಗ್ಗೆ ಸಂಕೋಚವಿಲ್ಲದೆ ವಿಚಾರಿಸಬೇಕು. ಬಾಸ್ಕ್ ಜನರ ಊಟ ಮೀನು-ಮಾಂಸದ ಮೇಲೆ ನಿಂತದ್ದು. ಹೋಟೆಲುಗಳಲ್ಲಿ ಶಾಕಾಹಾರಿಗಳಿಗೆ ಸಿಗುವುದು ಕಡಿಮೆ, ಮೊಟ್ಟೆಯನ್ನೂ ತಿನ್ನದವರಿಗೆ ಇನ್ನೂ ಕಡಿಮೆ. ಅಲ್ಲಿನ ಹೆಸರಾಂತ ಇಡಿಯಾಸಾಬಲ್ ಕುರಿಹಾಲಿನ ಚೀಸಿಗೆ ಸಾಂಪ್ರದಾಯಿಕವಾಗಿ ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆಂಬುದು ಕಟ್ಟುನಿಟ್ಟಿನವರಿಗೆ ಮೊದಲೇ ಗೊತ್ತಿರಬೇಕು. ಒಲೆ ಗ್ಯಾಸಿನದೋ ಇಂಡಕ್ಷನ್ನೋ ಎಂಬುದು ಮುಖ್ಯ ಪ್ರಶ್ನೆ: ಇಂಡಕ್ಷನ್ ಆದರೆ ಮನೆಯಿಂದ ಒಯ್ದ ಅಲ್ಯೂಮಿನಿಯಂ ಕುಕ್ಕರು ಕಾಯುವುದಿಲ್ಲ, ತಳ ಬಾಗಿದ ರೊಟ್ಟಿ ಹಂಚು ಗಾಜಿನ ಮೇಲೆ ಕೂಡುವುದೂ ಇಲ್ಲ. ಚಪ್ಪಟೆ ತಳದ ಕಬ್ಬಿಣದ ಹಂಚೊಂದನ್ನು ಒಯ್ದರೆ ಜೋಳದ ರೊಟ್ಟಿಗೆ ಅಡ್ಡಿಯಿಲ್ಲ. ಜೋಳದ ಹಿಟ್ಟು, ಬೇಳೆ, ಶೇಂಗಾ ಚಟ್ನಿಪುಡಿ, ಖಾರದ ಪುಡಿ ಪೆಟ್ಟಿಗೆಯಲ್ಲಿರಲಿ. ಆದರೆ ಹೊರಗಿನ ದೇಶಗಳಿಂದ ಬರುವವರು ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಒಳತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿರುವುದರಿಂದ ತುಪ್ಪದ ಡಬ್ಬಿಯನ್ನು ಬಿಟ್ಟುಹೋಗಬೇಕು. ಮನೆಯ ಯಜಮಾನರಿಗೆ ಕೊಡಲೆಂದು ಧಾರವಾಡದ ಪೇಡೆ ಕಟ್ಟಿಸಿಕೊಳ್ಳುವ ಆಸೆಯನ್ನೂ ಬಿಡುವುದೇ ಕ್ಷೇಮ. ಹಸಿ ಕರಿಬೇವಿಗೂ ಪ್ರಮಾಣಪತ್ರ ಕೇಳುತ್ತಾರೆ. ಬ್ಯಾಡಗಿ ಮೆಣಸಿನಪುಡಿಯ ಮುಚ್ಚಿದ ಪೊಟ್ಟಣ ಒಳ್ಳೆಯ ಉಡುಗೊರೆ. ಆ ನಾಡಿನವರಿಗೆ ಅದರ ಬೆಲೆ ತಿಳಿಯುತ್ತದೆ.

ಕಾಲದ ಆಯ್ಕೆಯಲ್ಲಿ ಜೂನ್ ಮತ್ತು ಸೆಪ್ಟೆಂಬರ್‌ಗಳೇ ಲೇಸು. ಜುಲೈ-ಆಗಸ್ಟ್‌ಗಳಲ್ಲಿ ಅಲ್ಲಿಯವರದೇ ರಜೆ. ಅನೇಕ ಮನೆಗಳವರು ವಾರಕ್ಕಿಂತ ಕಡಿಮೆ ಅವಧಿಗೆ ಕೊಡುವುದಿಲ್ಲ, ಬಾಡಿಗೆಯೂ ಏರಿರುತ್ತದೆ, ಆಗಸ್ಟ್ ಮಧ್ಯದಲ್ಲಿ ಸಾನ್ ಸೆಬಾಸ್ಟಿಯನ್ನಿನ ದೊಡ್ಡ ಹಬ್ಬದ ವಾರವೂ ಅದರ ಬೆನ್ನಿಗೇ ಬಿಲ್ಬಾವೊ ನಗರದ ಹಬ್ಬವೂ ಬರುತ್ತವೆ. ಯಾವ ತಿಂಗಳಾದರೂ ಮಳೆಗೆ ಸಿದ್ಧವಿರಬೇಕು. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯನ್ನೇ ಹೋಲುವ, ಅಲ್ಲಿನವರು ‘ಸಿರಿಮಿರಿ’ ಎನ್ನುವ ತುಂತುರು ಬೇಸಿಗೆಯಲ್ಲಿಯೂ ಬಂದುಹೋಗುತ್ತದೆ. ಅರಿವೆ ಒಣಗಿಸಲು ಮಾಡಿನ ಕೆಳಗೆ ಜಾಗವಿದೆಯೇ, ಮನೆ ಬಿಸಿ ಮಾಡುವ ವ್ಯವಸ್ಥೆ ಇದೆಯೇ, ಅದರ ಖರ್ಚು ಬಾಡಿಗೆಯಲ್ಲಿ ಸೇರಿದೆಯೇ ಎಂದು ಕೇಳಬೇಕಾದದ್ದು ಇದೇ ಕಾರಣಕ್ಕೆ. ಸಾಗರದ ಮಳೆಗಾಳಿ ಪಶ್ಚಿಮದಿಂದ ಬೀಸುವುದರಿಂದ ಲಾಬೂರಿನ ಹಳೆಯ ಮನೆಗಳು ಪೂರ್ವಕ್ಕೆ ಮುಖ ಮಾಡಿ ನಿಂತಿವೆ. ಕುಳಿತುಕೊಳ್ಳುವ ಅಂಗಳ ಯಾವ ದಿಕ್ಕಿಗಿದೆ ಎಂಬ ಪ್ರಶ್ನೆ ಅಲ್ಲಿ ವಾಸ್ತುವಿನದಲ್ಲ, ಒದ್ದೆಯಾಗದಿರುವ ಉಪಾಯದ್ದು.

ಹಣ ಕಟ್ಟುವ ಮೊದಲು ನೋಂದಣಿ ಸಂಖ್ಯೆಯನ್ನು ನೋಡಬೇಕು. ಬಿಸ್ಕಾಯಾ, ಗಿಪುಸ್ಕೋವಾಗಳು ಸೇರಿರುವ ಸ್ಪೇನಿನ ಬಾಸ್ಕ್ ಸ್ವಾಯತ್ತ ಪ್ರದೇಶದಲ್ಲಿ ಪ್ರವಾಸಿಗರಿಗೆ ಕೊಡುವ ಮನೆಗಳು ಅಲ್ಲಿನ ಸರ್ಕಾರದ ದಾಖಲೆಯಲ್ಲಿರಬೇಕು. ಜತೆಗೆ 2025ರ ಜುಲೈ 1ರಿಂದ ಆನ್‌ಲೈನ್ ತಾಣಗಳಲ್ಲಿ ಅಲ್ಪಾವಧಿಗೆ ಬಾಡಿಗೆ ಕೊಡುವ ಮನೆಗಳಿಗೆ ಸ್ಪೇನಿನಾದ್ಯಂತ ಅನ್ವಯಿಸುವ ನೋಂದಣಿ ಸಂಖ್ಯೆಯೂ ಕಡ್ಡಾಯವಾಗಿದೆ. ಯಾವ ಸಂಖ್ಯೆಯನ್ನೂ ಕೊಡದೆ, ತಾಣದ ಹೊರಗೆ ನೇರವಾಗಿ ಬ್ಯಾಂಕಿಗೆ ಹಣ ಹಾಕಿರೆಂದು ಅವಸರ ಮಾಡುವವರ ಸಹವಾಸ ಬೇಡ. ಮನೆಯವರು ಎಲ್ಲರ ಪಾಸ್‌ಪೋರ್ಟ್ ವಿವರ, ಊರಿನ ವಿಳಾಸ, ಫೋನ್ ಸಂಖ್ಯೆಗಳನ್ನು ಕೇಳಿದರೆ ಗಾಬರಿಯಾಗಬೇಕಿಲ್ಲ. ಅತಿಥಿಗಳ ಇಷ್ಟೆಲ್ಲ ಮಾಹಿತಿಯನ್ನು ಸರ್ಕಾರಕ್ಕೆ ಸಲ್ಲಿಸುವ ನಿಯಮ ಸ್ಪೇನಿನಲ್ಲಿ 2024ರ ಡಿಸೆಂಬರ್ 2ರಿಂದ ಬಿಗಿಯಾಗಿ ಜಾರಿಯಲ್ಲಿದೆ. ಸ್ವಚ್ಛತೆಯ ಶುಲ್ಕ, ಹಾಸಿಗೆ-ಟವೆಲ್ಲುಗಳ ಶುಲ್ಕ, ಠೇವಣಿ, ಫ್ರಾನ್ಸಿನ ಬದಿಯಾದರೆ ತಲೆಗಿಷ್ಟೆಂದು ರಾತ್ರಿಗೊಮ್ಮೆ ಬೀಳುವ ವಾಸ್ತವ್ಯ ತೆರಿಗೆ, ಇವನ್ನೆಲ್ಲ ಕೂಡಿಸಿದ ಮೇಲೆಯೇ ಒಂದು ಮನೆಯನ್ನು ಇನ್ನೊಂದರ ಜತೆ ತೂಗಬೇಕು.

ವೀಸಾ ಅರ್ಜಿಗೆ ವಾಸ್ತವ್ಯದ ದಾಖಲೆ ಬೇಕು. ಆದರೆ ವೀಸಾ ಸಿಗುವ ಖಾತ್ರಿಯಿಲ್ಲ. ಆದ್ದರಿಂದ ಹಣ ಮರಳುವ ಷರತ್ತಿನ ಮೇಲೆಯೇ ಮನೆ ಹಿಡಿಯಬೇಕು. ರದ್ದುಮಾಡುವ ಕೊನೆಯ ದಿನ ವೀಸಾ ತೀರ್ಮಾನದ ನಂತರ ಬರುವಂತಿರಲಿ. ಮನೆ ಕಾದಿರಿಸಿದ ಪತ್ರದಲ್ಲಿ ಮನೆಯ ಪೂರ್ಣ ವಿಳಾಸ, ದಿನಾಂಕಗಳು ಮತ್ತು ಹೋಗುವ ಎಲ್ಲರ ಹೆಸರೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು, 15 ದಿನಗಳಿಗಿಂತ ತಡಮಾಡುವಂತಿಲ್ಲ. ಶುಲ್ಕ ವಯಸ್ಕರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೊ. ಪ್ರಯಾಣ ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಾಗಿರಬೇಕು.

ಕಾರು ಓಡಿಸುವವರು ವೀಸಾ ಬಂದೊಡನೆ ತಮ್ಮ ಆರ್‌ಟಿಓ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಗೆ ಅರ್ಜಿ ಹಾಕಬೇಕು. ಅದು ಒಂದು ವರ್ಷ ನಡೆಯುತ್ತದೆ, ಮೂಲ ಲೈಸೆನ್ಸನ್ನೂ ಜತೆಗೆ ಒಯ್ಯಬೇಕು. ಅಲ್ಲಿ ರಸ್ತೆಯ ಬಲಬದಿಗೆ ಓಡಿಸಬೇಕು. ಬಿಲ್ಬಾವೊದಿಂದ ಫ್ರಾನ್ಸಿನ ಗಡಿಯವರೆಗಿನ ಹೆದ್ದಾರಿಗೆ ಟೋಲ್ ಇದೆ. ಕಾರನ್ನು ಒಂದು ದೇಶದಲ್ಲಿ ಪಡೆದು ಇನ್ನೊಂದರಲ್ಲಿ ಬಿಟ್ಟರೆ ಖರ್ಚು ವಿಪರೀತವಾಗುತ್ತದೆ. ಕಾರು ಬೇಡವೆನ್ನುವವರು ಎವುಸ್ಕೊತ್ರೆನ್ ಎಂಬ ಕಿರುಹಳಿಯ ರೈಲನ್ನು ನೆಚ್ಚಬಹುದು: ಬಿಲ್ಬಾವೊದಿಂದ ಒಂದು ಮಾರ್ಗ ಗೆರ್ನಿಕಾ, ಮುಂದಾಕಾಗಳ ಮೂಲಕ ಬೆರ್ಮೆಯೊಗೆ ಹೋಗುತ್ತದೆ, ಇನ್ನೊಂದು ಸುಮಾಯಾ, ಸರೌಟ್ಸ್‌ಗಳ ಮೂಲಕ ಸಾನ್ ಸೆಬಾಸ್ಟಿಯನ್‌ಗೆ. ಹಾಗಿದ್ದರೆ ನಿಲ್ದಾಣದಿಂದ ನಡೆದು ಮುಟ್ಟುವ ಮನೆಯನ್ನೇ ಹಿಡಿಯಬೇಕು.

ಶನಿವಾರ ಇಳಿಯುವುದಾದರೆ ದಾರಿಯಲ್ಲಿಯೇ ದಿನಸಿ ಕೊಳ್ಳಬೇಕು. ಭಾನುವಾರ ಅಲ್ಲಿ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ, ಹಳ್ಳಿಯ ಸಣ್ಣ ಅಂಗಡಿಗಳು ವಾರದ ದಿನಗಳಲ್ಲಿಯೂ ಮಧ್ಯಾಹ್ನ ಕದ ಹಾಕುತ್ತವೆ. ಸಂತೆಯಲ್ಲಿ ಸಿಗುವ ಗೆರ್ನಿಕಾದ ಹಸಿರು ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಹುರಿದು ಉಪ್ಪು ಉದುರಿಸಿದರೆ ರೊಟ್ಟಿಗೆ ಜೋಡಿ. ತೊಲೊಸಾದ ಕಪ್ಪು ಕಾಳನ್ನು ಅಲ್ಲಿಯವರು ಹಂದಿಮಾಂಸದೊಡನೆ ಬೇಯಿಸುತ್ತಾರಾದರೂ ಕಾಳನ್ನಷ್ಟೇ ತಂದು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿಕೊಂಡರೆ ನಮ್ಮದೇ ಊಟ.

ಕಡಲಿಗೆ ಹೋಗುವ ದಿನ ಉಬ್ಬರವಿಳಿತದ ವೇಳಾಪಟ್ಟಿಯನ್ನು ನೋಡದೆ ಹೊರಡಬಾರದು. ಗೋಕರ್ಣದ ಕಡಲಿಗಿಂತ ಅಲ್ಲಿ ನೀರಿನ ಏರಿಳಿತ ಬಹಳ ಹೆಚ್ಚು. ನಾಲ್ಕು ಮೀಟರ್ ದಾಟುವ ದಿನಗಳಿವೆ. ಲೆಕೆಯ್ತಿಯೊ ಊರಿನ ಎದುರಿನ ನಡುಗಡ್ಡೆಗೆ ಇಳಿತದ ಹೊತ್ತಿನಲ್ಲಿ ನಡೆದು ಹೋಗಬಹುದು, ಉಬ್ಬರ ಬಂದರೆ ಮರಳುವ ದಾರಿ ಮುಚ್ಚಿಹೋಗುತ್ತದೆ. ಕೆಂಪು ಬಾವುಟ ಹಾರಿದ ದಂಡೆಯಲ್ಲಿ ನೀರಿಗಿಳಿಯಲೇಬಾರದು. ಬೆರ್ಮೆಯೊ ಬಳಿ 241 ಮೆಟ್ಟಿಲೇರಿ ನೋಡುವ ಗಸ್ತೆಲುಗಾಚೆ ದ್ವೀಪದ ಗುಡಿಗೆ ಜನದಟ್ಟಣೆಯ ದಿನಗಳಲ್ಲಿ ಮೊದಲೇ ಸಮಯ ಕಾದಿರಿಸಿಕೊಳ್ಳಬೇಕು, ಅದಕ್ಕೆ ಶುಲ್ಕವಿಲ್ಲ.

ಮನೆ ಕೈಗೆ ಬಂದ ತಾಸಿನೊಳಗೆ ಎಲ್ಲ ಕೋಣೆಗಳ, ಒಲೆಯ, ಒಡೆದ-ಬಿರುಕಿದ ಸಾಮಾನುಗಳ ಫೋಟೋ ತೆಗೆದು ಯಜಮಾನರಿಗೆ ಕಳಿಸಿಬಿಡಬೇಕು. ಠೇವಣಿ ಹಿಡಿದುಕೊಳ್ಳುವ ಮಾತು ಬಂದಾಗ ಕೈಗೆ ಬರುವುದು ಅದೊಂದೇ. ಕಸವನ್ನು ಬೇರ್ಪಡಿಸಿ ಹಾಕುವುದನ್ನು ಅಲ್ಲಿಯವರು ಗಂಭೀರವಾಗಿ ನೋಡುತ್ತಾರೆ: ಸ್ಪೇನಿನ ಬದಿಯಲ್ಲಿ ಹಳದಿ ಡಬ್ಬಿ ಪೊಟ್ಟಣಗಳಿಗೆ, ನೀಲಿ ಕಾಗದಕ್ಕೆ, ಹಸಿರು ಗಾಜಿಗೆ, ಕಂದು ಅಡಿಗೆಮನೆಯ ಹಸಿ ಕಸಕ್ಕೆ. ಕೆಲವು ಊರುಗಳಲ್ಲಿ ಕಂದು ಡಬ್ಬಿಯ ಮುಚ್ಚಳ ಕಾರ್ಡು ಮುಟ್ಟಿಸಿದರೆ ಮಾತ್ರ ತೆರೆಯುತ್ತದೆ. ಬೀಗದ ಕೈಯ ಜತೆಗೆ ಆ ಕಾರ್ಡನ್ನೂ ಕೇಳಿ ಪಡೆಯಬೇಕು, ಹೊರಡುವ ದಿನ ಎರಡನ್ನೂ ಮರಳಿಸಬೇಕು.