ಹಡಗಿನಲ್ಲಿ ದೇಶ ಸುತ್ತುವಾಗ ಊರಿನ ಗೆಳೆಯರ ಸಂಪರ್ಕ ತಪ್ಪದಿರಲು

ಗಂಗಾವತಿ ಕಡೆಯಿಂದ ಹಡಗಿನ ಪ್ರವಾಸಕ್ಕೆ ಹೊರಟಿರುವ ಸದಸ್ಯರ ಗಮನಕ್ಕೆ. ಹಡಗು ದಡ ಬಿಟ್ಟು ದೂರ ಸರಿದಂತೆ ಮೊಬೈಲ್ ಸಿಗ್ನಲ್ ಹೋಗಿಬಿಡುತ್ತದೆ. ಆಮೇಲೆ ಪರದೆಯ ಮೇಲೆ ಸಿಗ್ನಲ್ ಗೆರೆಗಳು ಮತ್ತೆ ಕಾಣಿಸಿಕೊಂಡರೆ ಹಿಗ್ಗಬೇಡಿ. ಅದು ಉಪಗ್ರಹದ ಮೂಲಕ ನಡೆಯುವ ಹಡಗಿನದೇ ಜಾಲವಾಗಿದ್ದು, ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ಬಹುಮಟ್ಟಿಗೆ ಅನ್ವಯಿಸದ ಕಾರಣ ಬಿಲ್ಲು ನಮಗೆ ತಿಳಿಯದಂತೆಯೇ ಏರುತ್ತಾ ಹೋಗುತ್ತದೆ. ನನ್ನ ಮೊದಲ ಪ್ರಯಾಣದಲ್ಲಿ ಜೇಬಿನಲ್ಲಿದ್ದ ಫೋನು ತಾನೇ ತಾನಾಗಿ ಫೋಟೋಗಳನ್ನು ಬ್ಯಾಕಪ್ ಮಾಡುತ್ತಾ ಕುಳಿತದ್ದಕ್ಕೆ ನಾನು ದಂಡ ತೆತ್ತಿದ್ದೇನೆ. ಆದ್ದರಿಂದ ಹಡಗು ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಬೇಕಾದಾಗ ವೈಫೈ ಮಾತ್ರ ಆನ್ ಮಾಡಿಕೊಳ್ಳಿ.

ವಿಡಿಯೋ ಕರೆಗಳನ್ನು ಬಂದರಿಗೆ ಇಳಿದಾಗ ಮಾಡುವುದು ಒಳ್ಳೆಯದು. ಸಮುದ್ರದ ಮಧ್ಯೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳುಹಿಸಿಟ್ಟರೆ ಸಂಪರ್ಕ ಸಿಕ್ಕಾಗ ಅದು ತಾನಾಗಿಯೇ ತಲುಪುತ್ತದೆ.

ಗಡಿಯಾರದ ಲೆಕ್ಕವೂ ಮುಖ್ಯ. ಸಿಂಗಪುರದಲ್ಲಿ ರಾತ್ರಿ 10 ಗಂಟೆಯಾದಾಗ ಇಲ್ಲಿ 7.30, ಗೆಳೆಯರೆಲ್ಲ ಮಿರ್ಚಿ, ಮಂಡಾಳು ಒಗ್ಗರಣೆಯ ಮುಂದೆ ಒಟ್ಟಿಗೆ ಸಿಗುವ ಹೊತ್ತು. ಪೆಸಿಫಿಕ್ ಸಾಗರದಲ್ಲಿ ದಿನಾಂಕ ರೇಖೆಯನ್ನು ಪಶ್ಚಿಮಕ್ಕೆ ದಾಟಿದರೆ ಒಂದು ದಿನವೇ ಕ್ಯಾಲೆಂಡರಿನಿಂದ ಜಾರಿಹೋಗುವುದರಿಂದ, ಹುಟ್ಟುಹಬ್ಬದ ಶುಭಾಶಯಗಳನ್ನು ಊರಿನ ದಿನಾಂಕ ನೋಡಿಯೇ ಕಳುಹಿಸಿ. ಹೊರಡುವ ಮೊದಲು ಊರಿನ ಸಿಮ್‌ಗೆ ದೀರ್ಘಾವಧಿಯ ರೀಚಾರ್ಜ್ ಮಾಡಿಸಿರಿ. ಫೋನು ಬದಲಾಯಿಸಬೇಕಾಗಿ ಬಂದರೆ ಒಟಿಪಿ ಬರುವುದು ಆ ನಂಬರಿಗೇ.