ರಾತ್ರಿ ಹೊತ್ತು ಲಾಂಗ್ ಎಕ್ಸ್‌ಪೋಷರ್: ಶಟರ್ ತೆರೆದಿಟ್ಟು ಬೆಳಕಿನ ಜೊತೆ ಆಟ ಆಡೋದು ಹೇಗೆ

ರಾತ್ರಿ ಫೋಟೋ ಅಂದ ತಕ್ಷಣ ಸುಮಾರು ಜನ ಮಾಡೋ ಮೊದಲ ಕೆಲಸ ಐಎಸ್‌ಓ (ಫೋಟೋ ಎಷ್ಟು ಬೆಳಗಾಗಿ ಬರ್ಬೇಕು ಅನ್ನೋ ಸೆಟ್ಟಿಂಗ್) ಏರಿಸೋದು, ಇಲ್ಲಾಂದ್ರೆ ಫ್ಲ್ಯಾಶ್ ಹೊಡೆಯೋದು. ಸದ್ಯಕ್ಕೆ ಎರಡನ್ನೂ ಮರೆತುಬಿಡಿ. ಲಾಂಗ್ ಎಕ್ಸ್‌ಪೋಷರ್‌ನಲ್ಲಿ ಶಟರನ್ನ (ಸೆನ್ಸರಿಗೆ ಬೆಳಕು ಬಿಡೋ ಬಾಗಿಲು) ಸೆಕೆಂಡುಗಟ್ಟಲೆ, ಕೆಲವು ಸಲ ನಿಮಿಷಗಟ್ಟಲೆ ತೆರೆದೇ ಇಟ್ಟು ಅಷ್ಟೂ ಹೊತ್ತು ಒಳಗೆ ಬಂದ ಬೆಳಕನ್ನ ಒಂದೇ ಫ್ರೇಮಲ್ಲಿ ಕೂಡಿಹಾಕ್ತೀವಿ. ತಲೇಲಿ ಇಟ್ಕೋಬೇಕಾಗಿರೋದು ಇಷ್ಟೇ: ಅಲ್ಲಾಡದೆ ಇರೋದು ಶಾರ್ಪಾಗಿ ಬರತ್ತೆ, ಓಡಾಡೋ ಬೆಳಕು ಗೆರೆ ಆಗತ್ತೆ, ಬೆಳಕಿಲ್ದೆ ಓಡಾಡೋದು ಫೋಟೋದಲ್ಲಿ ಕಾಣೋದೇ ಇಲ್ಲ. ಕೆಳಗೆ ಹೇಳಿರೋ ಟ್ರಿಕ್ಕುಗಳೆಲ್ಲ ಈ ಮೂರನ್ನೇ ಹಿಂದೆ ಮುಂದೆ ಮಾಡಿದ್ದು, ಬೇರೆ ಮ್ಯಾಜಿಕ್ ಏನೂ ಇಲ್ಲ.

ಮೊದಲು ಕ್ಯಾಮೆರಾ ಅಲ್ಲಾಡದ ಹಾಗೆ ಮಾಡಿ

ಮ್ಯಾನ್ಯುಯಲ್ ಮೋಡ್ ಇರೋ ಯಾವ ಕ್ಯಾಮೆರಾ ಆದ್ರೂ ನಡೆಯತ್ತೆ, ಹಳೇದಾದ್ರೂ ಪರವಾಗಿಲ್ಲ. ದುಡ್ಡು ಹಾಕೋದಾದ್ರೆ ಹೊಸ ಲೆನ್ಸಿಗಿಂತ ಮೊದಲು ಗಟ್ಟಿ ಟ್ರೈಪಾಡಿಗೆ ಹಾಕಿ ಅನ್ನೋದು ನನ್ನ ಅಭಿಪ್ರಾಯ. ಟ್ರೈಪಾಡ್ ಕಾಲು ಎಳೆಯುವಾಗ ಮೇಲಿನ ದಪ್ಪ ಭಾಗ ಮೊದಲು, ಕಡ್ಡಿ ಥರ ಇರೋ ಕೊನೇ ಭಾಗ ತೀರಾ ಬೇಕಾದ್ರೆ ಮಾತ್ರ, ಮಧ್ಯದ ಕಂಬ ಅಂತೂ ಏರಿಸಲೇಬೇಡಿ. ಗಾಳಿ ಇದ್ರೆ ಕ್ಯಾಮೆರಾ ಸ್ಟ್ರ್ಯಾಪ್ ಬಿಚ್ಚಿಡಿ, ಅದು ಪಟಪಟ ಅಂತ ಹೊಡ್ಕೊಂಡ್ರೆ ಸಾಕು ಫೋಟೋ ಶೇಕ್ ಆಗೋಕೆ, ಟ್ರೈಪಾಡ್ ಚೆನ್ನಾಗಿಲ್ಲ ಅಂತ ನಾವು ಅದನ್ನ ಬೈತಾ ಇರ್ತೀವಿ.

ಬಟನ್ ಒತ್ತಿದಾಗ್ಲೂ ಕ್ಯಾಮೆರಾ ನಡುಗತ್ತೆ, ಅದಕ್ಕೆ 2 ಸೆಕೆಂಡ್ ಟೈಮರ್ ಹಾಕಿ ಅಥವಾ ರಿಮೋಟ್ ಬಳಸಿ. ಟ್ರೈಪಾಡ್ ಮೇಲೆ ಇಟ್ಟಾಗ ಲೆನ್ಸಿನ ಸ್ಟೆಬಿಲೈಸೇಷನ್ (ಕೈ ನಡುಕ ಸರಿ ಮಾಡೋ ವ್ಯವಸ್ಥೆ) ಆಫ್ ಮಾಡಿ, ಹಳೇ ಲೆನ್ಸುಗಳಲ್ಲಿ ಇಲ್ಲದ ಶೇಕನ್ನ ಸರಿ ಮಾಡೋಕೆ ಹೋಗಿ ಅದೇ ಮಸುಕು ಮಾಡತ್ತೆ.

ಮೊಬೈಲ್ ಮಾತ್ರ ಇದ್ಯಾ? ಅದರಲ್ಲೂ ಆಗತ್ತೆ. ಪ್ರೋ ಮೋಡ್ ಇದ್ರೆ ಶಟರ್ ಸ್ಪೀಡ್ ನಾವೇ ಕೊಡಬಹುದು. ಐಫೋನ್ 11 ಮತ್ತು ಆಮೇಲೆ ಬಂದ ತುಂಬಾ ಮಾಡೆಲ್‌ಗಳಲ್ಲಿ ನೈಟ್ ಮೋಡ್ ಇದೆ, ಫೋನ್ ಅಲ್ಲಾಡದೆ ನಿಂತಿದೆ ಅಂತ ಗೊತ್ತಾದ್ರೆ ಅದು 30 ಸೆಕೆಂಡ್ ತನಕ ಹೋಗತ್ತೆ, 2019ರ ಗೂಗಲ್ ಪಿಕ್ಸೆಲ್ 4 ಫೋನಲ್ಲಿ ಬಂದ ನಕ್ಷತ್ರದ ಮೋಡ್ ಸುಮಾರು 4 ನಿಮಿಷದ ತನಕ ಬೆಳಕು ಸೇರಿಸತ್ತೆ. ಆದ್ರೆ ಫೋನನ್ನ ಕೈಯಲ್ಲಿ ಹಿಡ್ಕೊಂಡು ಇದೆಲ್ಲ ಆಗಲ್ಲ, ಸ್ಟ್ಯಾಂಡ್ ಬೇಕೇ ಬೇಕು.

ಸೆಟ್ಟಿಂಗ್ ಮತ್ತು ಫೋಕಸ್

ಮೋಡ್ ಎಂ, ಐಎಸ್‌ಓ 100, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರೋ ತೂತು, ಎಫ್ ನಂಬರ್ ದೊಡ್ಡದಾದಷ್ಟೂ ತೂತು ಸಣ್ಣದು) ಎಫ್ 8, ಶಟರ್ 10 ಸೆಕೆಂಡ್. ಇಲ್ಲಿಂದ ಶುರು ಮಾಡಿ. ಕಪ್ಪಾಗಿ ಬಂದ್ರೆ 20 ಸೆಕೆಂಡ್, ಬಿಳಿಚಿಕೊಂಡ್ರೆ 5 ಸೆಕೆಂಡ್, ಹೀಗೆ ಡಬಲ್ ಅಥವಾ ಅರ್ಧ ಮಾಡ್ತಾ ಹೋಗಿ, ಬೆಳಕಿನ ಒಂದೊಂದು ಡಬಲ್ಲಿಗೂ ಒಂದು ಸ್ಟಾಪ್ ಅಂತಾರೆ. ಫೈಲ್ ರಾ ಫಾರ್ಮ್ಯಾಟಲ್ಲೇ (ಸೆನ್ಸರ್ ಹಿಡಿದ ಮಾಹಿತಿ ಹಾಗೇ ಇರೋ ಫೈಲ್) ಇರಲಿ, ಜೆಪೆಗ್‌ನಲ್ಲಿ ಬೀದಿದೀಪದ ಹಳದಿ ಕಲರ್ ಆಮೇಲೆ ಸರಿ ಮಾಡೋದು ಕಷ್ಟ. ವೈಟ್ ಬ್ಯಾಲೆನ್ಸ್ (ಫೋಟೋದ ಬಣ್ಣ ಹಳದಿ ಕಡೆಗೋ ನೀಲಿ ಕಡೆಗೋ ಅನ್ನೋ ಸೆಟ್ಟಿಂಗ್) ಆಟೋ ಬಿಟ್ಟು 3200ರಿಂದ 4000 ಕೆಲ್ವಿನ್ ಒಳಗೆ ಇಟ್ರೆ ಆಕಾಶ ನೀಲಿಯಾಗೇ ಉಳಿಯತ್ತೆ.

ತುಂಬಾ ಕತ್ತಲೆ ಜಾಗದಲ್ಲಿ 4 ನಿಮಿಷದ ಎಕ್ಸ್‌ಪೋಷರ್ ಬೇಕು ಅನ್ಕೊಳ್ಳಿ, ಪ್ರತಿ ಸಲ 4 ನಿಮಿಷ ಕಾದು ನೋಡಿ ಮತ್ತೆ ಸರಿ ಮಾಡ್ತಾ ಕೂತ್ರೆ ಬೆಳಗಾಗೋಗತ್ತೆ. ಅದಕ್ಕೆ ಐಎಸ್‌ಓ 6400ಕ್ಕೆ ಏರಿಸಿ 4 ಸೆಕೆಂಡಿನ ಟೆಸ್ಟ್ ಶಾಟ್ ತೆಗೀರಿ. ಬೆಳಕು ಸರಿ ಇದೆ ಅನಿಸಿದ್ರೆ ಐಎಸ್‌ಓ 100ಕ್ಕೆ ಇಳಿಸಿ, 6400 ಅನ್ನೋದು 100ರ 64 ಪಟ್ಟು, ಹಾಗಾಗಿ 4 ಸೆಕೆಂಡು 256 ಸೆಕೆಂಡ್ ಆಗತ್ತೆ, ಅಂದ್ರೆ 4 ನಿಮಿಷ 16 ಸೆಕೆಂಡ್. ಫ್ರೇಮ್ ಸೊಟ್ಟಗಿದ್ಯಾ, ಮೂಲೇಲಿ ಏನಾದ್ರೂ ಅಡ್ಡ ಬಂದಿದ್ಯಾ ಅಂತಾನೂ ಆ ಟೆಸ್ಟ್ ಶಾಟಲ್ಲೇ ಗೊತ್ತಾಗತ್ತೆ. ತುಂಬಾ ಕ್ಯಾಮೆರಾಗಳು 30 ಸೆಕೆಂಡಿಗೆ ನಿಲ್ತವೆ, ಅದಕ್ಕಿಂತ ಜಾಸ್ತಿ ಬೇಕಂದ್ರೆ ಬಲ್ಬ್ ಮೋಡ್ (ಬಟನ್ ಒತ್ತಿರೋ ತನಕ ಶಟರ್ ತೆರೆದೇ ಇರತ್ತೆ) ಹಾಕಿ ರಿಮೋಟ್ ಲಾಕ್ ಮಾಡಿ.

ಕತ್ತಲಲ್ಲಿ ಆಟೋಫೋಕಸ್ ಹುಡುಕಾಡ್ತಾನೇ ಇರತ್ತೆ. ದೂರದ ಒಂದು ದೀಪವನ್ನೋ ಹೊಳೆಯೋ ನಕ್ಷತ್ರವನ್ನೋ ಲೈವ್ ವ್ಯೂನಲ್ಲಿ (ಹಿಂದಿನ ಸ್ಕ್ರೀನ್ ಮೇಲೆ) ಪೂರ್ತಿ ಝೂಮ್ ಮಾಡಿ, ಫೋಕಸ್ ರಿಂಗ್ ನಿಧಾನಕ್ಕೆ ತಿರುಗಿಸಿ ಆ ಚುಕ್ಕೆ ಎಲ್ಲಿ ತೀರಾ ಸಣ್ಣದಾಗತ್ತೋ ಅಲ್ಲಿ ನಿಲ್ಲಿಸಿ, ಮ್ಯಾನ್ಯುಯಲ್ ಫೋಕಸಲ್ಲೇ ಬಿಟ್ಟು ರಿಂಗ್ ಮೇಲೆ ಒಂದು ಟೇಪ್ ಅಂಟಿಸಿ. ಲೆನ್ಸ್ ಮೇಲೆ ಇನ್‌ಫಿನಿಟಿ (ತುಂಬಾ ದೂರದ ಫೋಕಸ್) ಗುರುತು ಇರತ್ತಲ್ಲ, ಅದನ್ನ ನಂಬಬೇಡಿ. ನಂಬಬಾರದ ಇನ್ನೊಂದು ಅಂದ್ರೆ ಹಿಂದಿನ ಸ್ಕ್ರೀನು, ಕತ್ತಲಲ್ಲಿ ಕಪ್ಪು ಫೋಟೋನೂ ಅದರಲ್ಲಿ ಝಗಮಗ ಅಂತಿರತ್ತೆ. ಸ್ಕ್ರೀನ್ ಬ್ರೈಟ್‌ನೆಸ್ ಇಳಿಸಿ ಹಿಸ್ಟೋಗ್ರಾಮ್ (ಫೋಟೋದಲ್ಲಿ ಕಪ್ಪು ಬಿಳಿ ಎಷ್ಟೆಷ್ಟಿದೆ ಅಂತ ತೋರಿಸೋ ಗ್ರಾಫ್) ನೋಡಿ.

ವಾಹನಗಳ ಬೆಳಕಿನ ಗೆರೆ

ಕಲಿಯೋಕೆ ಇದೇ ಸುಲಭ. ಪೂರ್ತಿ ರಾತ್ರಿ ಆಗೋ ತನಕ ಕಾಯಬೇಡಿ, ಸೂರ್ಯ ಮುಳುಗಿ 20ರಿಂದ 30 ನಿಮಿಷಕ್ಕೆ ಆಕಾಶ ಕಡುನೀಲಿ ಇರತ್ತೆ, ಆಗ ಬಿಲ್ಡಿಂಗಿನ ಆಕಾರನೂ ಸಿಗತ್ತೆ ದೀಪನೂ ಸಿಗತ್ತೆ. ರಸ್ತೆ ತಿರುವು, ಇಲ್ಲಾ ಮೇಲಿಂದ ನೋಡೋ ಪಾದಚಾರಿ ಸೇತುವೆ ಒಳ್ಳೆ ಜಾಗ. ಡಿವೈಡರ್ ಮೇಲೆ ಟ್ರೈಪಾಡ್ ಇಡೋ ಸಾಹಸ ಮಾತ್ರ ಬೇಡ್ರಪ್ಪ. ಐಎಸ್‌ಓ 100, ಎಫ್ 11, 15ರಿಂದ 20 ಸೆಕೆಂಡ್. ವಾಹನ ಫ್ರೇಮ್ ಒಳಗೆ ಬರೋಕೆ ಸ್ವಲ್ಪ ಮುಂಚೆ ಶಟರ್ ಶುರುವಾಗಿ ಅದು ಹೊರಗೆ ಹೋದ್ಮೇಲೆ ಮುಚ್ಕೋಬೇಕು, ಇಲ್ದಿದ್ರೆ ಗೆರೆ ಮಧ್ಯದಲ್ಲೇ ಕಟ್ ಆಗತ್ತೆ. ಬಸ್ ಲಾರಿ ಬಂದ್ರೆ ಬಿಡಬೇಡಿ, ಅವುಗಳ ದೀಪ ಎತ್ತರದಲ್ಲಿ ಇರೋದ್ರಿಂದ ಗೆರೆಗಳು ಒಂದರ ಮೇಲೊಂದು ಎದ್ದು ನಿಲ್ತವೆ.

ಕೆಲವು ಗೆರೆ ಪೂರ್ತಿ ಎಳೆಯಾಗಿ ಬರದೆ ಚುಕ್ಕೆ ಚುಕ್ಕೆಯಾಗಿ, ಹೊಲಿಗೆ ಹಾಕಿದ ಹಾಗೆ ಬರತ್ತೆ. ಕ್ಯಾಮೆರಾ ಕೆಟ್ಟಿದೆ ಅನ್ಕೋಬೇಡಿ, ಎಷ್ಟೋ ಎಲ್‌ಇಡಿ ದೀಪಗಳು ಕಣ್ಣಿಗೆ ಗೊತ್ತಾಗದಷ್ಟು ಬೇಗ ಆನ್ ಆಫ್ ಆಗ್ತಾ ಇರ್ತವೆ, ದೀಪ ಮುಂದೆ ಓಡಿದಾಗ ಆ ಆನ್ ಆಫ್ ಫೋಟೋದಲ್ಲಿ ಹರಡ್ಕೊಂಡು ಕಾಣತ್ತೆ.

ಸಿಗ್ನಲ್ ಬಿದ್ದು ರಸ್ತೆ ಖಾಲಿ ಆದಾಗ ಲೆನ್ಸ್ ಮುಂದೆ ಒಂದು ಕಪ್ಪು ರಟ್ಟು ಹಿಡಿದು, ಮತ್ತೆ ವಾಹನ ಬಂದಾಗ ತೆಗೆದ್ರೆ ಬೀದಿದೀಪ ಬಿಳಿಚಿಕೊಳ್ಳದೆ ಗೆರೆ ಮಾತ್ರ ಹೆಚ್ಚಾಗತ್ತೆ. ಪಟಾಕಿಗೂ ಇದೇ ರಟ್ಟಿನ ಟ್ರಿಕ್ಕು, ಬಲ್ಬ್ ಮೋಡಲ್ಲಿ ಎರಡು ಮೂರು ಸ್ಫೋಟ ಒಂದೇ ಫ್ರೇಮಿಗೆ ಸೇರಿಸಬಹುದು. ಬೀದಿದೀಪಗಳು ನಕ್ಷತ್ರದ ಆಕಾರಕ್ಕೆ ಚೂಪಾಗಿ ಬರ್ಬೇಕಾ, ಎಫ್ 16ಕ್ಕೆ ಹೋಗಿ. ಲೆನ್ಸ್ ಒಳಗಿನ ಅಪರ್ಚರ್ ಬ್ಲೇಡ್ 8 ಇದ್ರೆ 8 ಕಿರಣ, 7 ಇದ್ರೆ 14 ಕಿರಣ, ಬೆಸ ಸಂಖ್ಯೆ ಆದ್ರೆ ಡಬಲ್. ಲೆನ್ಸ್ ಮುಂದೆ ಯುವಿ ಫಿಲ್ಟರ್ ಇದ್ರೆ ಬಿಚ್ಚಿಡಿ, ದೀಪದ ಪ್ರತಿಬಿಂಬ ಹಸಿರು ಕಲೆಗಳಾಗಿ ಎಲ್ಲೆಲ್ಲೋ ಬೀಳತ್ತೆ.

ಟಾರ್ಚಲ್ಲಿ ಪೇಂಟಿಂಗ್

ನನಗೆ ಎಲ್ಲಕ್ಕಿಂತ ಇಷ್ಟ ಇದು, ಯಾಕಂದ್ರೆ ಬೆಳಕು ಪೂರ್ತಿ ನಮ್ಮ ಕೈಯಲ್ಲೇ ಇರತ್ತೆ, ಕತ್ತಲೆ ಮಾಡಿದ ಒಂದು ರೂಮ್ ಇದ್ರೂ ಸಾಕು. ಐಡಿಯಾ ಏನೂ ಹೊಸದಲ್ಲ, 1914ರ ಸುಮಾರಿಗೇ ಕೆಲಸದ ವಿಧಾನ ಅಧ್ಯಯನ ಮಾಡ್ತಿದ್ದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ ಕೆಲಸಗಾರರ ಕೈಗೆ ಪುಟ್ಟ ಬಲ್ಬ್ ಕಟ್ಟಿ ಕೈ ಎಲ್ಲೆಲ್ಲಿ ಓಡಾಡತ್ತೆ ಅಂತ ಹೀಗೇ ಫೋಟೋ ತೆಗೀತಿದ್ರು. 1949ರಲ್ಲಿ ಲೈಫ್ ಪತ್ರಿಕೆಗೋಸ್ಕರ ಫೋಟೋಗ್ರಾಫರ್ ಜಾನ್ ಮಿಲಿ ಚಿತ್ರಕಾರ ಪಿಕಾಸೊ ಕೈಗೆ ಸಣ್ಣ ದೀಪ ಕೊಟ್ಟು ಗಾಳಿಯಲ್ಲೇ ಚಿತ್ರ ಬರೆಸಿದ್ರು.

ಇದರಲ್ಲಿ ಎರಡು ದಾರಿ. ಟಾರ್ಚನ್ನ ಕ್ಯಾಮೆರಾ ಕಡೆ ತಿರುಗಿಸಿದ್ರೆ ಗೆರೆ ಬರತ್ತೆ, ವಸ್ತು ಕಡೆ ತಿರುಗಿಸಿದ್ರೆ ವಸ್ತು ಬೆಳಗತ್ತೆ. ಐಎಸ್‌ಓ 100, ಎಫ್ 8, 30 ಸೆಕೆಂಡ್. ವಸ್ತು ಬೆಳಗಿಸುವಾಗ ಹೊಸಬರು ಕ್ಯಾಮೆರಾ ಪಕ್ಕದಲ್ಲೇ ನಿಂತು ಟಾರ್ಚ್ ಬಿಡ್ತಾರೆ, ಆಗ ಫ್ಲ್ಯಾಶ್ ಹೊಡೆದ ಹಾಗೆ ಚಪ್ಪಟೆ ಫೋಟೋ ಬರತ್ತೆ. ಒಂದು ಮರ ಇದೆ ಅನ್ಕೊಳ್ಳಿ, ಅದರ ಪಕ್ಕಕ್ಕೆ ಹೋಗಿ ಕಾಂಡಕ್ಕೆ ಒರೆಸಿದಂಗೆ ಬೆಳಕು ಬಿಡಿ, ತೊಗಟೆಯ ಒಂದೊಂದು ಬಿರುಕಿಗೂ ನೆರಳು ಬಿದ್ದು ಮರ ಉಬ್ಬಿ ಬರತ್ತೆ. ಟಾರ್ಚ್ ಒಂದೇ ಕಡೆ ನಿಲ್ಲಿಸಬೇಡಿ, ಆಡಿಸ್ತಾನೇ ಇರಿ. ಟಾರ್ಚ್ ಬಾಯಿಗೆ ಕಪ್ಪು ಕಾಗದದ ಕೊಳವೆ ಸುತ್ತಿದ್ರೆ ಬಲ್ಬ್ ಕ್ಯಾಮೆರಾಗೆ ಕಾಣಲ್ಲ. ನೀವು ಗಾಢ ಬಣ್ಣದ ಬಟ್ಟೆ ಹಾಕ್ಕೊಂಡು ನಡೀತಾ ಇದ್ರೆ ಫ್ರೇಮ್ ಒಳಗೇ ಓಡಾಡಿದ್ರೂ ಫೋಟೋದಲ್ಲಿ ಬರಲ್ಲ, ಆದ್ರೆ ನಿಮ್ಮ ಮೈ ಮೇಲೆ ಬೆಳಕು ಬೀಳಬಾರದು.

ಗಾಳಿಯಲ್ಲಿ ಬರೆಯೋದಾದ್ರೆ ಕ್ಯಾಮೆರಾಗೆ ಮುಖ ಮಾಡಿ ಮಾಮೂಲಿ ಹಾಗೇ ಬರೀರಿ, ಫೋಟೋದಲ್ಲಿ ಉಲ್ಟಾ ಬರತ್ತೆ, ಆಮೇಲೆ ಸಾಫ್ಟ್‌ವೇರಲ್ಲಿ ಫ್ಲಿಪ್ ಮಾಡ್ಕೊಳ್ಳಿ. ಕನ್ನಡ ಅಕ್ಷರ ದುಂಡಗಿರೋದ್ರಿಂದ ಕೈ ತಡೆಯಿಲ್ದೆ ಓಡತ್ತೆ, ಆದ್ರೆ ತಲೆಕಟ್ಟು ಹಾಕೋಕೆ ಮತ್ತೆ ಒತ್ತಕ್ಷರಕ್ಕೆ ಕೈ ಎತ್ತುವಾಗ ಟಾರ್ಚ್ ಆಫ್ ಮಾಡಿ, ಇಲ್ದಿದ್ರೆ ಎಲ್ಲಾ ಒಂದಕ್ಕೊಂದು ಅಂಟ್ಕೊಂಡು ಜಿಲೇಬಿ ಆಗತ್ತೆ.

ಬೆಳಕಿನ ಗೋಲ ಮಾಡೋದು ಹೀಗೆ: ನೆಲದ ಮೇಲೆ ಒಂದು ಗುರುತು ಇಡಿ, ದಾರದ ತುದಿಗೆ ಸಣ್ಣ ದೀಪ ಕಟ್ಟಿ ಬಾವಿ ರಾಟೆ ತಿರುಗೋ ಹಾಗೆ ನೆಟ್ಟಗೆ ತಿರುಗಿಸಿ, ಸುತ್ತು ಕೆಳಗೆ ಬಂದಾಗ ಪ್ರತಿ ಸಲ ಆ ಗುರುತಿನ ಮೇಲೇ ಹಾಯ್ಬೇಕು. ಹಾಗೇ ತಿರುಗಿಸ್ತಾ ಗುರುತಿನ ಸುತ್ತ ಪುಟ್ಟ ಪುಟ್ಟ ಹೆಜ್ಜೆ ಇಡ್ತಾ ಹೋಗಿ. ಲೆಕ್ಕಕ್ಕೆ ಅರ್ಧ ಸುತ್ತು ಬಂದ್ರೆ ಗೋಲ ಆಯ್ತು, ಪೂರ್ತಿ ಬಂದ್ರೆ ಗೆರೆ ಒತ್ತಾಗತ್ತೆ. ಸ್ಟೀಲ್ ವೂಲ್ (ಉಕ್ಕಿನ ತೆಳು ನಾರು) ಉರಿಸಿ ಕಿಡಿ ಹಾರಿಸೋ ಫೋಟೋ ನೋಡಿ ಎಲ್ಲರಿಗೂ ಆಸೆ ಆಗತ್ತೆ, ಆದ್ರೆ ಒಣ ಹುಲ್ಲಿಗೆ ಬೆಂಕಿ ಬೀಳೋಕೆ ಒಂದು ಕಿಡಿ ಸಾಕು, ಹೊಸಬರು ಅದನ್ನ ಬಿಟ್ಟುಬಿಡಿ.

ದೆವ್ವ ಮತ್ತು ಡಬಲ್ ರೋಲ್

20 ಸೆಕೆಂಡಿನ ಶಾಟಲ್ಲಿ ಒಬ್ರು 10 ಸೆಕೆಂಡ್ ಅಲ್ಲಾಡದೆ ನಿಂತು ಆಮೇಲೆ ಸರಕ್ಕನೆ ಫ್ರೇಮಿಂದ ಹೊರಗೆ ಹೋದ್ರೆ ಅವರ ಮೈ ಮೂಲಕ ಹಿಂದಿನ ಗೋಡೆ ಕಾಣತ್ತೆ. ಪೂರ್ತಿ ಕತ್ತಲೆ ಇದ್ರೆ ಒಬ್ರನ್ನೇ ಎರಡು ಮೂರು ಕಡೆ ನಿಲ್ಲಿಸಬಹುದು, ಒಂದು ಕಡೆ ನಿಂತಾಗ ಫ್ಲ್ಯಾಶ್ ಒಂದು ಸಲ, ಕತ್ತಲಲ್ಲೇ ಜಾಗ ಬದಲಿಸಿ ಮತ್ತೊಂದು ಸಲ. ಝೂಮ್ ಲೆನ್ಸ್ ಇದ್ರೆ ಇನ್ನೊಂದು ಆಟ: 8 ಸೆಕೆಂಡ್ ಇಟ್ಟು, ಮೊದಲ 5 ಸೆಕೆಂಡ್ ಮುಟ್ಟದೆ ಬಿಡಿ, ಕೊನೆ 3 ಸೆಕೆಂಡಲ್ಲಿ ಝೂಮ್ ರಿಂಗ್ ತಿರುಗಿಸಿ, ದೀಪಗಳೆಲ್ಲ ಮಧ್ಯದಿಂದ ಚಿಮ್ಮಿದ ಹಾಗೆ ಬರತ್ತೆ.

ನಕ್ಷತ್ರ: ಚುಕ್ಕೆ ಬೇಕಾ ಗೆರೆ ಬೇಕಾ

ಭೂಮಿ ತಿರುಗೋದ್ರಿಂದ ನಕ್ಷತ್ರಗಳು ಗಂಟೆಗೆ ಸುಮಾರು 15 ಡಿಗ್ರಿ ಜರುಗ್ತವೆ. ಚುಕ್ಕೆಯಾಗೇ ಉಳೀಬೇಕಂದ್ರೆ 500ನ್ನ ಫೋಕಲ್ ಲೆಂಗ್ತಿಂದ (ಲೆನ್ಸ್ ಮೇಲೆ ಬರೆದಿರೋ ಎಂಎಂ ಸಂಖ್ಯೆ) ಭಾಗಿಸಿ, 20 ಎಂಎಂ ಲೆನ್ಸಿಗೆ 25 ಸೆಕೆಂಡ್. ಇದು ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಲೆಕ್ಕ, 1.5 ಕ್ರಾಪ್ ಇರೋ ಸಣ್ಣ ಸೆನ್ಸರ್ ಕ್ಯಾಮೆರಾ ಆದ್ರೆ ಅದೇ ಲೆನ್ಸಿಗೆ 16 ಸೆಕೆಂಡ್ ಹತ್ತಿರ ಬರತ್ತೆ. ಈಗಿನ ಜಾಸ್ತಿ ಮೆಗಾಪಿಕ್ಸೆಲ್ ಸೆನ್ಸರ್‌ಗಳಿಗೆ ಇದೂ ಸ್ವಲ್ಪ ಜಾಸ್ತಿನೇ, ನಾನಾದ್ರೆ 500 ಬದ್ಲು 300 ಹಿಡಿತೀನಿ. ಅಪರ್ಚರ್ ಪೂರ್ತಿ ತೆರೀರಿ, ಇಲ್ಲಿ ಐಎಸ್‌ಓ 3200 ಹಾಕಿದ್ರೂ ತಪ್ಪಿಲ್ಲ.

ಗೆರೆ ಬೇಕಂದ್ರೆ ಒಂದು ಗಂಟೆ ಶಟರ್ ತೆರೆದಿಡೋದಕ್ಕಿಂತ 30 ಸೆಕೆಂಡಿನ 120 ಫೋಟೋ ಒಂದರ ಹಿಂದೆ ಒಂದು ತೆಗೆದು ಕಂಪ್ಯೂಟರಲ್ಲಿ ಸೇರಿಸೋದು ವಾಸಿ, ನಾಯ್ಸ್ (ಫೋಟೋ ಮೇಲೆ ಬರೋ ಚುಕ್ಕೆ ಚುಕ್ಕೆ ಕಲೆ) ಕಮ್ಮಿ, ಮಧ್ಯೆ ಯಾರಾದ್ರೂ ಟಾರ್ಚ್ ಬಿಟ್ರೆ ಒಂದು ಫ್ರೇಮ್ ಮಾತ್ರ ಹಾಳು. ಕ್ಯಾಮೆರಾದ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಆಫ್ ಇರಲೇಬೇಕು, ಆನ್ ಇದ್ರೆ ಪ್ರತಿ ಫೋಟೋ ಆದ್ಮೇಲೆ ಅಷ್ಟೇ ಹೊತ್ತು ಒಂದು ಕಪ್ಪು ಫ್ರೇಮ್ ತೆಗೀತಾ ಕೂರತ್ತೆ, ಗೆರೆಗಳು ತುಂಡು ತುಂಡಾಗ್ತವೆ. ಉತ್ತರ ಗೋಳಾರ್ಧದಲ್ಲಿ ಇದ್ರೆ ಧ್ರುವ ನಕ್ಷತ್ರ ಫ್ರೇಮಲ್ಲಿ ಇರೋ ಹಾಗೆ ನೋಡ್ಕೊಂಡ್ರೆ ಉಳಿದದ್ದೆಲ್ಲ ಅದರ ಸುತ್ತ ಚಕ್ರ ಆಗತ್ತೆ. ಬ್ಯಾಟರಿ ಫುಲ್ ಇರಲಿ, ಲೆನ್ಸ್ ಮೇಲೆ ಇಬ್ಬನಿ ಕೂತಿದ್ಯಾ ಅಂತ ಆಗಾಗ ನೋಡಿ, ಒರೆಸುವಾಗ ಟ್ರೈಪಾಡ್ ಜರುಗಬಾರದು.

ಸೇರಿಸೋಕೆ ಸ್ಟಾರ್‌ಸ್ಟ್ಯಾಕ್ಸ್ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಲೈಟನ್ ಮೋಡ್ ಆರಿಸಿದ್ರೆ ಪ್ರತಿ ಜಾಗದಲ್ಲೂ ಹೆಚ್ಚು ಬೆಳಕಿರೋ ಪಿಕ್ಸೆಲ್ ಮಾತ್ರ ಉಳಿಸ್ಕೊಳ್ಳತ್ತೆ. ಮಧ್ಯೆ ವಿಮಾನ ಹಾದು ಹೋಗಿದ್ರೆ ಆ ಫ್ರೇಮನ್ನ ಪೂರ್ತಿ ಡಿಲೀಟ್ ಮಾಡಬೇಡಿ, ಮಾಡಿದ್ರೆ ಎಲ್ಲಾ ಗೆರೆಯಲ್ಲೂ ಸಣ್ಣ ಗ್ಯಾಪ್ ಬೀಳತ್ತೆ. ಸೇರಿಸೋಕೆ ಮುಂಚೆ ಆ ಒಂದು ಫೋಟೋ ತೆರೆದು ವಿಮಾನದ ಗೆರೆ ಮೇಲಷ್ಟೇ ಕಪ್ಪು ಬ್ರಷ್ ಎಳೀರಿ, ಲೈಟನ್ ಮೋಡಲ್ಲಿ ಕಪ್ಪಿಗೆ ಬೆಲೆ ಇಲ್ಲ, ಪಕ್ಕದ ಫ್ರೇಮುಗಳ ಆಕಾಶ ಅಲ್ಲಿ ತಾನಾಗೇ ತುಂಬ್ಕೊಳ್ಳತ್ತೆ.